ಬಚ್ಚಲು ಮನೆ ಕೋಳಿ ಗೂಡಾದ ಒಂಬತ್ತು ತಿಂಗಳು

ಬೆಂಗಳೂರಿನ ಮತ್ತಿಕೆರೆಯ ನಮ್ಮ ಮನೆಯನ್ನು ಮಾವನವರು 1979ರಲ್ಲಿ ಕಟ್ಟಿಸಿದ್ದು. ಹಿತ್ತಲಲ್ಲಿ ಒಂದು ತೆಂಗಿನ ಮರ, ಒಂದು ಕರಿಬೇವು, ಬಟ್ಟೆ ಒಗೆಯುವ ಕಲ್ಲು. ಮೂಲೆಯಲ್ಲಿ ಒಂಬತ್ತು ಅಡಿ ಉದ್ದ, ಆರು ಅಡಿ ಅಗಲದ ಬಚ್ಚಲು ಮನೆ. ಅದರೊಳಗೆ ನೀರೊಲೆ, ಒಲೆ ಮೇಲೆ ತಾಮ್ರದ ಹಂಡೆ. ಮನೆಯೊಳಗೆ ಗೀಸರ್ ಬಂದಮೇಲೆ ಆ ಬಚ್ಚಲಿಗೆ ವರ್ಷಕ್ಕೆ ಒಂದೇ ದಿನ ಕೆಲಸ, ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ. ಉಳಿದ ದಿನವೆಲ್ಲ ಅಲ್ಲಿ ಹಳೇ ಪೇಂಟ್ ಡಬ್ಬ, ಮುರಿದ ಸೈಕಲ್ಲು, ಜೇಡರ ಬಲೆ.

2024ರ ದೀಪಾವಳಿಗೆ ಹುಣಸೆಹಣ್ಣು ಹಿಡಿದು ಹಂಡೆ ಉಜ್ಜುತ್ತಾ ಕೂತಿದ್ದೆ. ಮಗಳು ಬಂದು ಇಣುಕಿ, "ಅಮ್ಮಾ, ಇಲ್ಲಿ ಕೋಳಿ ಸಾಕಬಹುದಲ್ವಾ?" ಅಂದಳು. ನಾನು ಉತ್ತರ ಕೊಡುವ ಮುಂಚೆಯೇ ನಮ್ಮತ್ತೆ ಹೂಂ ಅಂದುಬಿಟ್ಟರು. ಅವರು ಮಾಗಡಿ ಕಡೆಯವರು, ಕೋಳಿ ಜೊತೆಗೇ ಬೆಳೆದವರು. "ಗೋಡೆ ಐತೆ, ಸೂರೈತೆ, ಬಾಗ್ಲೈತೆ. ಇನ್ನೇನ್ ಬೇಕವ್ವ ಕೋಳಿಗೆ?" ನಮ್ಮನೆಯವರು ಮನಸ್ಸಲ್ಲೇ ಲೆಕ್ಕ ಹಾಕಿ ಐದು ಸಾವಿರದಲ್ಲಿ ಮುಗಿಯುತ್ತೆ ಅಂದರು. ಕೋಳಿ ಗೂಡಿಗೆ ಕಾಲಿಡುವಷ್ಟರಲ್ಲಿ ಖರ್ಚಾಗಿದ್ದು 18,650 ರೂಪಾಯಿ. ಮೊದಲ ಮೊಟ್ಟೆ ಬಂದದ್ದು ಒಂಬತ್ತು ತಿಂಗಳ ಮೇಲೆ. ಯಾರ ಮನೆ ಹಿತ್ತಲಲ್ಲಾದರೂ ಇಂಥದ್ದೊಂದು ಹಳೇ ಕೋಣೆ ಸುಮ್ನೆ ಬಿದ್ದಿದ್ದರೆ ಅವರಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಇರುವ ಕಟ್ಟಡ ಅಂದರೆ ಅರ್ಧ ಕೆಲಸ ಮುಗಿದ ಹಾಗೆ ಅಂತ ನಾವು ತಿಳಿದಿದ್ದೆವು. ಅದು ಯಾವುದಕ್ಕೆ ಕಟ್ಟಿದ ಕಟ್ಟಡ ಅಂತ ಯೋಚಿಸಲೇ ಇಲ್ಲ. ಬಚ್ಚಲು ಕಟ್ಟುವವರು ಗಾಳಿ ನುಗ್ಗದಂತೆ, ಬಿಸಿ ಹೊರಗೆ ಹೋಗದಂತೆ ಕಟ್ಟುತ್ತಾರೆ. ನೀರು ಹೋಗಲು ತೂಬು ಬಿಡುತ್ತಾರೆ. ಕೋಳಿಗೆ ಗಾಳಿ ಆಡಬೇಕು, ಶೆಕೆ ಆಗಬಾರದು. ತೂಬಂತೂ ಇರಲೇಬಾರದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಕಾಗದ ಪತ್ರದ ವಿಷಯ. ನಮ್ಮನೆಯವರಿಗೆ ಎಲ್ಲವೂ ಕೇಳಿಯೇ ಮಾಡಬೇಕು. ನವೆಂಬರ್‌ನಲ್ಲಿ ಒಂದು ಸರ್ಕಾರಿ ಕಚೇರಿಗೆ ಹೋದೆವು. ಖಾತಾ ನಕಲು, ಕಂದಾಯ ಕಟ್ಟಿದ ರಸೀದಿ, ಆಧಾರ್ ನಕಲು ಎಲ್ಲ ಫೈಲಿನಲ್ಲಿ ಹಾಕಿಕೊಂಡಿದ್ದೆವು. ಅಲ್ಲಿಂದ ಇನ್ನೊಂದು ಕಚೇರಿಗೆ ಕಳಿಸಿದರು. ಆ ಕಚೇರಿಯವರು ನಾಳೆ ಬನ್ನಿ ಅಂದರು. ನಾಳೆ ಹೋದರೆ ಸಾಹೇಬರು ರಜೆ. ಒಟ್ಟು ನಾಲ್ಕು ಸಲ ಓಡಾಟ, ಎರಡು ಅರ್ಧ ದಿನದ ರಜೆ. ಕೊನೆಗೆ ಒಬ್ಬರು ಕನ್ನಡಕದ ಮೇಲಿಂದ ನೋಡಿ, "ಎಷ್ಟು ಕೋಳಿ?" ಅಂದರು. ಎಂಟು ಅಂದೆ. "ಎಂಟು ಕೋಳಿಗೆ ನಾನು ಏನಂತ ಬರೆದುಕೊಡ್ಲಿ ಮೇಡಂ? ಅಕ್ಕಪಕ್ಕದವರು ದೂರು ಕೊಡದ ಹಾಗೆ ನೋಡ್ಕೊಳ್ಳಿ. ದೂರು ಬಂದ್ರೆ ನಾವು ಬರಲೇಬೇಕಾಗುತ್ತೆ." ಅಷ್ಟೇ. ಬರವಣಿಗೆಯಲ್ಲಿ ಏನೂ ಸಿಗಲಿಲ್ಲ. ಇದನ್ನೇ ನಿಯಮ ಅಂತ ತಿಳಿಯಬೇಡಿ, ನಮಗೆ ಬಾಯಲ್ಲಿ ಹೇಳಿದ್ದು ಮಾತ್ರ. ಈಗಂತೂ ಇಡೀ ಬೆಂಗಳೂರಿಗೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ನಿಮ್ಮ ಮನೆ ಯಾವುದಕ್ಕೆ ಸೇರಿದೆ ಅಂತ ತಿಳಿದುಕೊಂಡು ಅಲ್ಲಿ ಕೇಳಿ.

ಆ ಮಾತಿನಿಂದ ಒಂದು ಒಳ್ಳೆಯದಾಯಿತು. ಅಕ್ಕಪಕ್ಕದ ಮೂರು ಮನೆಯವರ ಹತ್ತಿರ ಒಂದೊಂದು ಸಾಲಿನ ಒಪ್ಪಿಗೆ ಬರೆಸಿಕೊಂಡೆ. ಇಬ್ಬರು ಕಾಫಿ ಕೊಟ್ಟು ಸಹಿ ಹಾಕಿದರು. ಎಡಗಡೆ ಮನೆಯ ಮೇಷ್ಟ್ರು ಮಾತ್ರ ಕಾಗದವನ್ನು ಎರಡು ಸಲ ಓದಿದರು. ಅವರಿಗೆ 2018ರಲ್ಲಿ ದಾಸರಹಳ್ಳಿ ಕಡೆ ಹಕ್ಕಿ ಜ್ವರ ಬಂದಿದ್ದು ನೆನಪಿತ್ತು. "ನೋಡಮ್ಮಾ, ಬೀದಿ ನಾಯಿ ಬೊಗಳೋದೇ ಸಾಕಾಗಿದೆ. ಹುಂಜ ಬೇಡ. ವಾಸನೆ ಬಂದರೆ ನಾನೇ ಬಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ." ಹುಂಜ ಇಲ್ಲದಿದ್ದರೂ ಕೋಳಿ ಮೊಟ್ಟೆ ಇಡುತ್ತದೆ, ಮರಿ ಬೇಕಿದ್ದರೆ ಮಾತ್ರ ಹುಂಜ ಬೇಕು ಅಂತ ಹೇಳಿದೆ. ಅವರು ಮೊಟ್ಟೆ ತಿನ್ನುವವರಲ್ಲ, ಆದರೂ ಸಹಿ ಹಾಕಿದರು.

ಡಿಸೆಂಬರ್‌ನಲ್ಲಿ ಬಚ್ಚಲು ಖಾಲಿ ಮಾಡಿದೆವು. ಒಲೆ ಹಿಂದಿನ ಗೋಡೆಯಲ್ಲಿ ಬೆರಳು ದಪ್ಪ ಇಲ್ಲಣ. ಕೆರೆದು ತೆಗೆದರೆ ಒಳಗೆ ಗೋಡೆ ಒದ್ದೆ. ವರ್ಷಕ್ಕೆ ಒಂದೇ ದಿನ ಉಪಯೋಗಿಸುವ ಬಚ್ಚಲಿನ ಗೋಡೆ ಒದ್ದೆ ಯಾಕೆ? ಪ್ಲಂಬರ್ ಬಂದು ನೆಲ ಅಗೆದ. ಹಳೇ ನಲ್ಲಿ ಪೈಪು ಒಳಗೊಳಗೇ ಸೋರುತ್ತಿತ್ತು. ಅದನ್ನು ಕತ್ತರಿಸಿ ಮುಚ್ಚಿದ ಮೇಲೆ ಗೋಡೆ ಒಣಗಲು ಮೂರು ವಾರ ಬಾಗಿಲು ತೆಗೆದಿಟ್ಟು ಕಾಯಬೇಕಾಯಿತು. ಈ ಮೂರು ವಾರ ನಮಗೆ ಸುಮ್ನೆ ದಂಡ ಅನ್ನಿಸಿತ್ತು. ಈಗ ಹೇಳುತ್ತೇನೆ, ತೇವ ಇರುವ ಗೋಡೆಗೆ ಸುಣ್ಣ ಬಳಿದು ಆತುರದಲ್ಲಿ ಕೋಳಿ ಬಿಡಬೇಡಿ. ಕೋಳಿ ಚಳಿ ತಡೆಯುತ್ತದೆ, ಒದ್ದೆ ತಡೆಯುವುದಿಲ್ಲ.

ಜನವರಿಯಲ್ಲಿ ಗಾರೆ ಕೆಲಸದವರು ಬಂದರು. ಸೂರು ಎ.ಸಿ. ಶೀಟಿನದು. ಗಾಳಿಗೆ ಅದನ್ನೇ ಒಂದಷ್ಟು ಕೊಯ್ದುಬಿಡೋಣ ಅಂತ ಮೇಸ್ತ್ರಿ ಮಷೀನ್ ತೆಗೆದ. ನಾನು ಬೇಡವೇ ಬೇಡ ಅಂದೆ. ಆ ಹಳೇ ಶೀಟಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಕೊಯ್ದರೆ, ಕೊರೆದರೆ ಏಳುವ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ವಾಪಸ್ ಬರುವುದಿಲ್ಲ, ಕ್ಯಾನ್ಸರ್‌ವರೆಗೂ ಹೋಗುತ್ತದೆ. ಮೇಸ್ತ್ರಿ, "ನಾವು ದಿನಾ ಕೊಯ್ತೀವಿ ಅಕ್ಕ, ಏನಾಗಿದೆ?" ಅಂತ ನಕ್ಕ. ನನಗೆ ನಗು ಬರಲಿಲ್ಲ. ಗಟ್ಟಿಯಾಗಿರುವ ಶೀಟನ್ನು ಇದ್ದ ಹಾಗೇ ಬಿಡಿ.

ಗಾಳಿಗೆ ಬೇರೆ ದಾರಿ ಹುಡುಕಿದೆವು. ಮರದ ತೊಲೆಗಳು ಆರು ಅಡಿಯ ಎರಡು ಚಿಕ್ಕ ಗೋಡೆಗಳ ಮೇಲೆ ಕೂತಿದ್ದವು. ಉದ್ದದ ಗೋಡೆಗಳ ಮೇಲೆ ಸೂರಿನ ಭಾರ ಇರಲಿಲ್ಲ. ಹಾಗಾಗಿ ಆ ಎರಡು ಗೋಡೆಗಳಲ್ಲಿ ಮೇಲಿನ ಒಂದೂವರೆ ಅಡಿ ಇಟ್ಟಿಗೆ ಬಿಚ್ಚಿಸಿ ಜಾಲರಿ ಹಾಕಿಸಿದೆವು. ನಿಮ್ಮ ಕಟ್ಟಡದಲ್ಲಿ ತೊಲೆ ಯಾವ ಗೋಡೆ ಮೇಲಿದೆ ಅಂತ ನೋಡದೆ ಒಂದು ಇಟ್ಟಿಗೆಯನ್ನೂ ಬಿಚ್ಚಬೇಡಿ. ನಮ್ಮ ಅದೃಷ್ಟಕ್ಕೆ ಆ ಉದ್ದದ ಗೋಡೆಗಳು ಉತ್ತರಕ್ಕೊಂದು ದಕ್ಷಿಣಕ್ಕೊಂದು ಮುಖ ಮಾಡಿದ್ದವು, ಬಿಸಿಲು ನೇರ ಒಳಗೆ ಬೀಳುವುದಿಲ್ಲ. ಕಿಟಕಿ ಕೆಳಗೆ ಇಟ್ಟರೆ ರಾತ್ರಿ ಕೂತ ಕೋಳಿಯ ಮೈಗೇ ಗಾಳಿ ಹೊಡೆಯುತ್ತದೆ. ಮೇಲಿದ್ದರೆ ಕೆಟ್ಟ ಗಾಳಿ ತಾನಾಗಿ ಹೊರಗೆ ಹೋಗುತ್ತದೆ.

ಜಾಲರಿ ತರಲು ನಮ್ಮನೆಯವರು ಎಸ್.ಪಿ. ರೋಡಿಗೆ ಹೋಗಿ ಮೊದಲು ಚಿಕನ್ ಮೆಶ್ ತಂದಿದ್ದರು. ಹೆಸರೇ ಕೋಳಿಯದ್ದಲ್ವಾ! ಗೋಡೆ ಪ್ಲಾಸ್ಟರ್ ಮಾಡುವವರು ಬಳಸುವ ತೆಳು ತಂತಿ ಅದು. ಕೋಳಿ ಹೊರಗೆ ಬರದಂತೆ ತಡೆಯುತ್ತದೆ. ನಾಯಿ, ಹೆಗ್ಗಣ ಒಳಗೆ ಹೋಗುವುದನ್ನು ತಡೆಯುವುದಿಲ್ಲ. ವಾಪಸ್ ಕೊಟ್ಟು ಅರ್ಧ ಇಂಚಿನ ವೆಲ್ಡ್ ಮೆಶ್ ತಂದರು, 3,600 ರೂಪಾಯಿ. ಹಳೇ ಮರದ ಬಾಗಿಲು ಬುಡದಲ್ಲಿ ಕೊಳೆತಿತ್ತು, ಅದರ ಬದಲು ಅದೇ ಜಾಲರಿಯ ಕಬ್ಬಿಣದ ಬಾಗಿಲಿಗೆ 4,500. ಮೇಸ್ತ್ರಿಗೆ ಮತ್ತು ಸಹಾಯಕನಿಗೆ ಎರಡು ದಿನಕ್ಕೆ 4,000. ಖರ್ಚಿನ ದೊಡ್ಡ ಪಾಲು ಈ ಮೂರೇ.

ಒಲೆ ಒಡೆಯುವ ವಿಷಯಕ್ಕೆ ಮನೆಯಲ್ಲಿ ಸಣ್ಣ ಜಗಳವಾಯಿತು. ಒಡೆದರೆ ಇನ್ನೂ ನಾಲ್ಕು ಕೋಳಿಗೆ ಜಾಗ ಆಗುತ್ತೆ ಅಂತ ನಾನು. "ಮಾವ ಕಟ್ಸಿದ್ ಒಲೆ ಕಣವ್ವ, ಒಡೀಬ್ಯಾಡ. ಹಂಡೆ ಬೇಕಾದ್ರೆ ಎತ್ತಿ ಮಡಗು" ಅಂತ ಅತ್ತೆ. ಮೇಸ್ತ್ರಿ ಒಡೆಯಲು ಇನ್ನೊಂದು ದಿನದ ಕೂಲಿ ಕೇಳಿದ್ದರಿಂದ ಅತ್ತೆ ಗೆದ್ದರು. ಹಂಡೆ ಮಹಡಿ ಮೆಟ್ಟಿಲ ಕೆಳಗೆ ಹೋಯಿತು. ಗುಜರಿಯವನು ಅದನ್ನು ನೋಡಿ ಎರಡು ಸಲ ಬಂದು ಹೋದ.

ಈಗ ತೂಬಿನ ಕಥೆ. ಗಾರೆ ಕೆಲಸ ಮುಗಿಯಿತು, ಬಾಗಿಲು ಕೂತಿತು, ಇನ್ನೇನು ಕೋಳಿ ತರಬಹುದು ಅಂತ ನಾವು. ಅತ್ತೆ ಒಂದು ಮಾತು ಹೇಳಿದರು. "ಒಂದ್ ರಾತ್ರಿ ನೆಲಕ್ಕೆ ರಂಗೋಲಿ ಪುಡಿ ಹರಡು, ಯಾರ್ ಬತ್ತಾರೋ ನೋಡಾನ." ರಾತ್ರಿ ಜರಡಿ ಹಿಡಿದು ತೆಳ್ಳಗೆ ಹರಡಿ ಬಾಗಿಲು ಹಾಕಿದೆ. ಬೆಳಿಗ್ಗೆ ನೋಡಿದರೆ ಹೆಗ್ಗಣದ ಹೆಜ್ಜೆ, ಬಾಲ ಎಳೆದ ಗೆರೆ. ತೂಬಿನಿಂದ ಒಲೆವರೆಗೆ, ಒಲೆಯಿಂದ ತೂಬಿಗೆ, ಅವರದ್ದೇ ಮನೆ ಅನ್ನುವ ಹಾಗೆ. ಚರಂಡಿಯಿಂದ ನೇರ ದಾರಿ! ಕೋಳಿ ರಾತ್ರಿ ಕಣ್ಣು ಕಾಣದೆ ಕೂತಿರುತ್ತದೆ. ಹೆಗ್ಗಣ ಬಂದರೆ ಕಾಲು ಕಚ್ಚಿ ಎಳೆಯುತ್ತದೆ, ಮೊಟ್ಟೆ ಉಳಿಸುವುದಿಲ್ಲ. ತೂಬಿಗೆ ಒಡೆದ ಗಾಜು, ಜಲ್ಲಿ, ಸಿಮೆಂಟು ಹಾಕಿ ಮೇಲೆ ಜಾಲರಿ ಕೂರಿಸಿ ಮುಚ್ಚಿದೆವು. ಎರಡು ದಿನ ಬಿಟ್ಟು ಮತ್ತೆ ರಂಗೋಲಿ. ಈ ಸಲ ಬಾಗಿಲ ಬುಡದಲ್ಲಿ ಹೊರಗಿನಿಂದ ಬಗೆದ ಮಣ್ಣು. ಒಗೆಯುವ ಕಲ್ಲಿನ ಸುತ್ತ ಇದ್ದ ಚಪ್ಪಡಿಗಳನ್ನು ಎಬ್ಬಿಸಿ ಗೂಡಿನ ಸುತ್ತ ಒಂದಡಿ ಅಗಲಕ್ಕೆ ಹಾಸಿದೆವು. ಮೂರನೇ ರಂಗೋಲಿಗೆ ಇರುವೆ ಸಾಲು ಬಿಟ್ಟರೆ ಏನೂ ಇಲ್ಲ. ಐದು ರೂಪಾಯಿಯ ಈ ಪರೀಕ್ಷೆಯನ್ನು ಮಾತ್ರ ಯಾರೂ ತಪ್ಪಿಸಬೇಡಿ.

ಇನ್ನು ಯಾವ ಕೋಳಿ? ಅತ್ತೆಗೆ ನಾಟಿಯೇ ಆಗಬೇಕು. ನಾಟಿ ಕೋಳಿ ವರ್ಷಕ್ಕೆ ಇಡುವುದು 60ರಿಂದ 80 ಮೊಟ್ಟೆ. ನಮ್ಮ ಹೆಬ್ಬಾಳದಲ್ಲೇ ಅಭಿವೃದ್ಧಿಪಡಿಸಿದ ಗಿರಿರಾಜ ತಳಿ 130ರಿಂದ 150, ಅಲ್ಲಿಯದ್ದೇ ಆದ ಸ್ವರ್ಣಧಾರ 180ರ ಆಸುಪಾಸು. ಗಿರಿರಾಜಕ್ಕಿಂತ ಸ್ವರ್ಣಧಾರ ಮೈಯಲ್ಲಿ ಹಗುರ, ಚುರುಕು ಜಾಸ್ತಿ. ಅದನ್ನೇ ಆರಿಸಿದೆವು. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ತರಬೇತಿ ಸಂಸ್ಥೆಯೂ ಇದೆ. ದೊಡ್ಡದಾಗಿ ಮಾಡುವವರು ಅಲ್ಲಿ ವಿಚಾರಿಸಬಹುದು.

ಒಂದು ದಿನದ ಮರಿ ತರುವ ಆಸೆ ಮಗಳಿಗೆ. ನಾನೂ ಒಪ್ಪಿದ್ದೆ, ನಮ್ಮನೆಯವರು ಕಾವಿಗೆ ಬಲ್ಬ್ ಕೂಡ ಹಾಕಿಸಿದ್ದರು. ಆಮೇಲೆ ಪಶು ಆಸ್ಪತ್ರೆಯ ಡಾಕ್ಟರ್ ಲಸಿಕೆ ಲೆಕ್ಕ ಹೇಳಿದರು. ಮೊದಲ ವಾರ ಕೊಕ್ಕರೆ ರೋಗಕ್ಕೆ (ರಾಣಿಖೇತ್), ಎರಡನೇ ವಾರ ಗಂಬೋರೋ ಅನ್ನುವ ಇನ್ನೊಂದು ರೋಗಕ್ಕೆ, ನಾಲ್ಕನೇ ವಾರ ಕೊಕ್ಕರೆ ರೋಗಕ್ಕೆ ಇನ್ನೊಮ್ಮೆ, ಆಮೇಲೆ ಸಿಡುಬಿಗೆ. ಒಂದು ಸೀಸೆಯಲ್ಲಿ ಕಡಿಮೆ ಅಂದರೂ ನೂರು ಮರಿಗಾಗುವ ಔಷಧಿ. ತೆರೆದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಅಂಗಡಿಯಿಂದ ಐಸ್ ಜೊತೆಗೇ ತರಬೇಕು. ಎಂಟು ಮರಿಗೆ ಹಾಕಿ ಉಳಿದದ್ದನ್ನು ಚೆಲ್ಲಬೇಕು. ಅದಕ್ಕಿಂತ ಆರೇಳು ವಾರದ, ಲಸಿಕೆ ಹಾಕಿಸಿದ ಕೋಳಿ ತರುವುದೇ ಮೇಲು ಅಂತ ಅವರ ಸಲಹೆ. ಮರಿಗೆ ಮೊದಲ ವಾರ 35 ಡಿಗ್ರಿ ಕಾವು ಬೇಕು, ಆಮೇಲೆ ವಾರ ವಾರ ಇಳಿಸುತ್ತಾ ಬರಬೇಕು. ಆ ತಾಪತ್ರಯವೂ ತಪ್ಪಿತು. ಬಲ್ಬಿಗೆ ಎಲೆಕ್ಟ್ರಿಷಿಯನ್ ತಗೊಂಡ 850 ರೂಪಾಯಿ ಮಾತ್ರ ನೀರುಪಾಲು.

ಹೆಸರಘಟ್ಟ ರಸ್ತೆಯಲ್ಲಿ ಕೋಳಿ ಬೆಳೆಸುವ ಒಬ್ಬರಿಗೆ ಫೆಬ್ರವರಿಯಲ್ಲಿ ಹೇಳಿಟ್ಟೆವು. ತಿಂಗಳ ಕೊನೆಗೆ ಚಿಕ್ಕಬಳ್ಳಾಪುರ ಕಡೆ ಹಕ್ಕಿ ಜ್ವರ ಅಂತ ಟಿವಿಯಲ್ಲಿ ಬಂತು. ಮೇಷ್ಟ್ರು ಕಾಂಪೌಂಡ್ ಪಕ್ಕ ಬಂದು ಏನೂ ಹೇಳದೆ ನಿಂತರು. ಅರ್ಥವಾಯಿತು. ಎರಡು ತಿಂಗಳು ಗೂಡು ಖಾಲಿ. ದಿನಾ ಬೆಳಿಗ್ಗೆ ಮಗಳು ಆ ಖಾಲಿ ಗೂಡನ್ನೇ ಗುಡಿಸಿ ಸ್ಕೂಲಿಗೆ ಹೋಗುತ್ತಿದ್ದಳು. ನೋಡಿದರೆ ಪಾಪ ಅನ್ನಿಸುತ್ತಿತ್ತು.

ಬಸವ ಜಯಂತಿಯ ಹಿಂದಿನ ಭಾನುವಾರ, ಏಪ್ರಿಲ್ 27ಕ್ಕೆ, ಏಳು ವಾರದ ಎಂಟು ಹ್ಯಾಟೆಗಳು ಬಂದವು. ಒಂದಕ್ಕೆ 200 ರೂಪಾಯಿ. ಎರಡು ಮಂಕರಿಯಲ್ಲಿ ಹಾಕಿ ಮೇಲೆ ಗೋಣಿ ಕಟ್ಟಿ ಆಟೋದಲ್ಲಿ ತಂದೆವು. ನೆಲಕ್ಕೆ ಮೂರು ಇಂಚು ಭತ್ತದ ಹೊಟ್ಟು ಹರಡಿದ್ದೆ. ಕೂರಲು ಎರಡು ಇಂಚು ಅಗಲದ ಮರದ ರೀಪು ಅಡ್ಡ ಹಾಕಿಸಿ, ಕಾಲಿಗೆ ಚುಚ್ಚದಂತೆ ಅಂಚು ಉಜ್ಜಿಸಿದ್ದೆವು. ಮೊಟ್ಟೆ ಇಡಲು ಹಣ್ಣಿನ ಮೂರು ಕ್ರೇಟು, ಒಳಗೆ ಹುಲ್ಲು. ಮೊದಲ ರಾತ್ರಿ ಎಂಟೂ ರೀಪು ಬಿಟ್ಟು ಮೂಲೆಯಲ್ಲಿ ಒಂದರ ಮೇಲೊಂದು ಗುಡ್ಡೆಯಾಗಿ ಮಲಗಿದವು. ಟಾರ್ಚ್ ಹಿಡಿದು ಒಂದೊಂದನ್ನೇ ಎತ್ತಿ ಕೂರಿಸಿದೆವು. ಹೀಗೆ ಆರು ರಾತ್ರಿ. ಏಳನೇ ದಿನ ತಾವೇ ಹತ್ತಿದವು. ಅಲ್ಲಿಯವರೆಗೆ ಹೊರಗೆ ಬಿಡಬೇಡಿ. ವಾರ ಪೂರ್ತಿ ಒಳಗಿದ್ದರೆ ಇದೇ ಮನೆ ಅಂತ ಗೊತ್ತಾಗಿ ಮುಸ್ಸಂಜೆಗೆ ತಾವಾಗೇ ಒಳಗೆ ಬರುತ್ತವೆ.

ಬಿಸಿಲಿನ ಹೆದರಿಕೆ ನನಗೆ ಮೊದಲೇ ಇತ್ತು. 2024ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲೂ 38 ಡಿಗ್ರಿ ದಾಟಿದ್ದು ಮರೆತಿರಲಿಲ್ಲ. ಶೀಟಿನ ಕೆಳಗೆ ಅದಕ್ಕಿಂತ ಜಾಸ್ತಿಯೇ. ಶೀಟಿಗೆ ಸುಣ್ಣ ಬಳಿಸಿ ಮೇಲೆ ತೆಂಗಿನ ಗರಿ ಹೊದಿಸಿದ್ದೆವು. ಮಧ್ಯಾಹ್ನ ಬಾಯಿ ತೆರೆದು ಏದುಸಿರು ಬಿಡುವುದು ಕಂಡರೆ ಗೋಣಿ ನೆನೆಸಿ ಜಾಲರಿಗೆ ತೂಗುಹಾಕುತ್ತಿದ್ದೆ.

ಮಳೆಯನ್ನು ಮಾತ್ರ ಮರೆತಿದ್ದೆ. ಮೇ ತಿಂಗಳಲ್ಲಿ ಒಂದು ಸಂಜೆ ಗಾಳಿ ಮಳೆ ಅಡ್ಡಕ್ಕೆ ಹೊಡೆಯಿತು. ಹೆಮ್ಮೆಯಿಂದ ಬಿಚ್ಚಿಸಿದ್ದ ಆ ಒಂದೂವರೆ ಅಡಿಯಿಂದಲೇ ನೀರೆಲ್ಲ ಒಳಗೆ. ಹೊಟ್ಟು ಒದ್ದೆಯಾಯಿತು. ಬೆಳಿಗ್ಗೆ ಬದಲಿಸಿದರಾಯಿತು ಅಂದುಕೊಂಡೆ. ಬೆಳಿಗ್ಗೆ ಆಫೀಸಿಗೆ ತಡವಾಯಿತು, ಮಾರನೇ ದಿನವೂ ಮಳೆ. ನಾಲ್ಕೈದು ದಿನ ಹಾಗೇ ಕಳೆಯಿತು. ಆರನೇ ದಿನ ಒಂದು ಕೋಳಿ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಾ ನಿಂತಿತ್ತು, ಹಿಕ್ಕೆಯಲ್ಲಿ ರಕ್ತ. ಡಾಕ್ಟರ್ ನೋಡಿದ ತಕ್ಷಣ ರಕ್ತ ಭೇದಿ ಅಂದರು, ಕಾಕ್ಸಿಡಿಯೋಸಿಸ್. ಒದ್ದೆ ಹೊಟ್ಟಿನಲ್ಲೇ ಆ ರೋಗಾಣು ಬಲಿಯುವುದಂತೆ. ನೀರಿಗೆ ಹಾಕುವ ಔಷಧಿ ಬರೆದುಕೊಟ್ಟರು. ಏಳು ಉಳಿದವು. ಆ ಒಂದು ಅದೇ ರಾತ್ರಿ ಸತ್ತಿತು. ತೆಂಗಿನ ಬುಡದಲ್ಲಿ ಆಳಕ್ಕೆ ಗುಂಡಿ ತೋಡಿ ಸುಣ್ಣ ಹಾಕಿ ಹೂತೆವು. ಮಗಳು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ತಪ್ಪು ನನ್ನದೇ, ಅವಳಿಗೂ ಗೊತ್ತಿತ್ತು.

ಆಮೇಲೆ ಜಾಲರಿಯ ಹೊರಗೆ ಸುತ್ತಿ ಬಿಡುವಂಥ ಟಾರ್ಪಾಲಿನ್ ಪರದೆ ಕಟ್ಟಿದೆವು. ಮಳೆ ಬಂದರೆ ಇಳಿಸುವುದು, ನಿಂತರೆ ಎತ್ತುವುದು. ವಾರಕ್ಕೆರಡು ಸಲ ಹೊಟ್ಟು ಕೆದಕುತ್ತೇನೆ. ಒಂದು ಹಿಡಿ ತೆಗೆದು ಹಿಸುಕಿ ನೋಡುತ್ತೇನೆ. ಉಂಡೆ ಕಟ್ಟಿದರೆ ಒದ್ದೆ ಅಂತ, ಆ ಭಾಗ ತೆಗೆದು ಹೊಸದು ಹಾಕಬೇಕು. ವಾಸನೆಯನ್ನು ನಿಂತು ನೋಡಿದರೆ ಸಾಲದು. ಕುಕ್ಕರುಗಾಲಲ್ಲಿ ಕೂತು, ಕೋಳಿ ಮೂಗಿನ ಎತ್ತರದಲ್ಲಿ ಮೂಸಿ ನೋಡಬೇಕು. ನಮಗೆ ಕಣ್ಣು ಉರಿದರೆ ಅವಕ್ಕೂ ಉರಿಯುತ್ತಿರುತ್ತದೆ.

ತೆಗೆದ ಹೊಟ್ಟನ್ನು ಮೇಷ್ಟ್ರಿಗೆ ಕೊಟ್ಟು ಒಳ್ಳೆಯ ಹೆಸರು ತಗೊಳ್ಳೋಣ ಅಂತ ಹೋಗಿ ಇನ್ನೊಂದು ಎಡವಟ್ಟು ಮಾಡಿಕೊಂಡೆ. ಹಸಿ ಕೋಳಿ ಗೊಬ್ಬರ ತುಂಬ ಬಿಸಿ. ಅವರ ಎರಡು ಗುಲಾಬಿ ಗಿಡಗಳ ಎಲೆ ಅಂಚು ಸುಟ್ಟು ಹೋಯಿತು. ಎರಡು ಮೂರು ತಿಂಗಳು ತರಗೆಲೆ ಜೊತೆ ಕೊಳೆಸಿಯೇ ಗಿಡಕ್ಕೆ ಹಾಕಬೇಕು. ಹೊಸ ಗುಲಾಬಿ ಗಿಡ ತಂದುಕೊಟ್ಟೆ. ಅವರು ಏನೂ ಅನ್ನಲಿಲ್ಲ, ಅದೇ ನನಗೆ ಜಾಸ್ತಿ ಹಿಂಸೆಯಾಯಿತು.

ಮೇವಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬೆಳೆದ ಕೋಳಿಗೆ ದಿನಕ್ಕೆ 110ರಿಂದ 120 ಗ್ರಾಂ ಬೇಕು. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದ ಅಂಶ ಜಾಸ್ತಿ ಇರುತ್ತದೆ. ಬೇಗ ಮೊಟ್ಟೆ ಇಡಲಿ ಅಂತ ಅದನ್ನು ಎಳೇ ಕೋಳಿಗೆ ಹಾಕಿದರೆ ಮೂತ್ರಪಿಂಡ ಕೆಡುತ್ತದೆ. ಮೊಟ್ಟೆಗೆ ಬರುವ ಹೊತ್ತಿಗೆ ಬದಲಿಸಿದರೆ ಸಾಕು. ಅಡುಗೆಮನೆಯ ಸೊಪ್ಪಿನ ದಂಟು, ರಾಗಿ, ಅಕ್ಕಿ ನುಚ್ಚು ಅದರ ಜೊತೆಗೆ.

ಜುಲೈ ಮುಗಿಯುವ ಹೊತ್ತಿಗೆ ಜುಟ್ಟು ಕೆಂಪಾಯಿತು. ದಿನಾ ಮೂರೂ ಕ್ರೇಟಿಗೆ ಕೈ ಹಾಕಿ ನೋಡುವುದೇ ಕೆಲಸ. ಬರೀ ಹುಲ್ಲು. ಆಗಸ್ಟ್ 16, ಶ್ರಾವಣದ ಶನಿವಾರ. ಗೂಡು ಗುಡಿಸಲು ಹೋದ ಅತ್ತೆ ಅಲ್ಲಿಂದಲೇ ಕೂಗಿದರು. ನಾವೆಲ್ಲ ಓಡಿದೆವು. ಅವರು ನೀರೊಲೆ ಮುಂದೆ ಕೂತು ಬಾಗಿ ಒಳಗೆ ನೋಡುತ್ತಿದ್ದರು. ಒಲೆಯ ಬಾಯೊಳಗೆ, ಹಳೇ ಬೂದಿ ಮೇಲೆ, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಂದು ಮೊಟ್ಟೆ. ಕತ್ತಲು, ಬೆಚ್ಚಗೆ, ಮೂರು ಕಡೆ ಗೋಡೆ. ಕೋಳಿಗೆ ಬೇಕಾದದ್ದು ಅಷ್ಟೇ ಆಗಿತ್ತು.

ಮಗಳು ಎತ್ತಲು ಕೈ ಹಾಕಿದಳು. ಅತ್ತೆ ತಡೆದರು. "ಇವತ್ ತಿನ್ನಂಗಿಲ್ಲ. ಅಲ್ಲೇ ಇರ್ಲಿ ಬಿಡು. ಒಂದ್ ಮೊಟ್ಟೆ ಕಂಡ್ರೆ ಇನ್ನೊಂದೂ ಅಲ್ಲೇ ಇಕ್ತಾವೆ." ಭಾನುವಾರ ಬೆಳಿಗ್ಗೆ ಒಲೆಯಲ್ಲಿ ಎರಡಿದ್ದವು. ಈಗ ಏಳೂ ಸಾಲುಗಟ್ಟಿ ಕಾದು ಆ ಒಲೆಯೊಳಗೇ ಮೊಟ್ಟೆ ಇಡುತ್ತವೆ. ಹಣ್ಣಿನ ಕ್ರೇಟುಗಳಲ್ಲಿ ನಾವು ಈರುಳ್ಳಿ ಹಾಕಿಟ್ಟಿದ್ದೇವೆ.